ಬೋರ್ ಆಗಿದ್ದು ನಿಮಗಾ, ನಿಮ್ಮಿಂದಾನಾ?

ಪ್ರಶ್ನೆ: ‘ಐ ಆಮ್ ಬೋರಿಂಗ್’ ಅಂತ ಗೆಳತಿಗೆ ಮೆಸೇಜ್ ಕಳಿಸಿದೆ. ‘ನನಗೆ ಮೊದಲೇ ಗೊತ್ತಿತ್ತು’ ಅಂತ ನಗುವ ಎಮೋಜಿ ಹಾಕಿದಳು. ನಾನು ಬರೆದದ್ದರಲ್ಲಿ ತಪ್ಪೇನಿದೆ?

ಉತ್ತರ: ವ್ಯಾಕರಣದಲ್ಲಿ ತಪ್ಪೇನಿಲ್ಲ. ಅರ್ಥ ಮಾತ್ರ ತಿರುಗಿ ನಿಮ್ಮ ಮೇಲೇ ಬಿದ್ದಿದೆ. ‘ನನಗೆ ಬೋರ್ ಆಗ್ತಿದೆ’ ಅನ್ನಲು ಹೋಗಿ ‘ನಾನೇ ಒಂದು ಬೋರು’ ಅಂದಿದ್ದೀರಿ. ಬರೆಯಬೇಕಿದ್ದದ್ದು ‘ಐ ಆಮ್ ಬೋರ್ಡ್’.

ಈ ಎಡವಟ್ಟಿಗೆ ಕಾರಣ ನಮ್ಮ ‘ಆಗ್ತಿದೆ’. ಮನಸ್ಸಿನಲ್ಲಿ ಅದು ಬಂದ ಕೂಡಲೇ ಕೈ ತಾನಾಗಿ ‘ಇಂಗ್’ ಅಂಟಿಸುತ್ತದೆ, ‘ಓದ್ತಿದ್ದೇನೆ’ ಅನ್ನುವುದಕ್ಕೆ ‘ರೀಡಿಂಗ್’ ಅಂದ ಹಾಗೆ. ಜೊತೆಗೆ ಕನ್ನಡದಲ್ಲಿ ಸಿನಿಮಾನೂ ಬೋರ್, ನೋಡಿದವರಿಗೂ ಬೋರ್. ಒಂದೇ ಪದ ಎರಡೂ ಕಡೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಬೇಸರ ಹುಟ್ಟಿಸುವುದು ಬೋರಿಂಗ್, ಬೇಸರ ಪಟ್ಟವರು ಬೋರ್ಡ್.

ಅನುಮಾನ ಬಂದಾಗ ಮಾತನ್ನು ಮೊದಲು ಕನ್ನಡದಲ್ಲೇ ಹೇಳಿಕೊಳ್ಳಿ. ಯಾರಿಗೆ ‘ಗೆ’ ಹತ್ತುತ್ತದೋ ಅವರಿಗೆ ‘ಎಡ್’. ‘ನನಗೆ ಗಣಿತದಲ್ಲಿ ಆಸಕ್ತಿ’ ಅಂದರೆ ‘ಐ ಆಮ್ ಇಂಟರೆಸ್ಟೆಡ್ ಇನ್ ಮ್ಯಾಥ್ಸ್’. ‘ಅವಳಿಗೆ ಗೊಂದಲವಾಯಿತು’ ಅಂದರೆ ‘ಶೀ ವಾಸ್ ಕನ್ಫ್ಯೂಸ್ಡ್’. ಗೊಂದಲಕ್ಕೆ ಕಾರಣವಾದ ನಕ್ಷೆ ಕನ್ಫ್ಯೂಸಿಂಗ್.

ನಾನೂ ಈ ಗುಂಡಿಗೆ ಬಿದ್ದವನೇ. ಮೊದಲ ಕೆಲಸದ ಅರ್ಜಿಯಲ್ಲಿ ‘ಐ ಆಮ್ ವೆರಿ ಎಕ್ಸೈಟಿಂಗ್’ ಅಂತ ಬರೆದಿದ್ದೆ. ನನ್ನನ್ನು ಕಂಡರೆ ಜನ ರೋಮಾಂಚನಗೊಳ್ಳುತ್ತಾರೆ ಅಂತ ನಾನೇ ಹೇಳಿಕೊಂಡ ಹಾಗಾಯ್ತು! ಸಂದರ್ಶನಕ್ಕೆ ಕರೆ ಬರಲಿಲ್ಲ. ಕಾರಣ ಇದೊಂದೇ ಇರಲಾರದು ಬಿಡಿ.

ಈ ‘ಗೆ’ ಲೆಕ್ಕ ಎಲ್ಲ ಕಡೆ ಓಡುವುದಿಲ್ಲ. ಹೆದರಿದವರು ಸ್ಕೇರ್ಡ್ ಸರಿ, ಆದರೆ ಹೆದರಿಸುವ ಕತೆ ‘ಸ್ಕೇರಿಂಗ್’ ಅಲ್ಲ, ‘ಸ್ಕೇರಿ’. ‘ಐ ಆಮ್ ಟೆನ್ಶನ್’ ಅಂತೂ ಬೇಡವೇ ಬೇಡ. ಟೆನ್ಶನ್ ಅನ್ನುವುದು ಆತಂಕದ ಹೆಸರು, ನಿಮ್ಮ ಹೆಸರಲ್ಲ. ‘ಐ ಆಮ್ ಟೆನ್ಸ್’ ಅಥವಾ ‘ಸ್ಟ್ರೆಸ್ಡ್’ ಅನ್ನಿ.

ಇನ್ನೊಂದು ಜಾಸ್ತಿ ಕಿವಿಗೆ ಬೀಳುವುದು ‘ಐ ಫೀಲ್ ಟು ಕ್ರೈ’. ‘ಅಳಬೇಕು ಅನ್ನಿಸ್ತಿದೆ’ಯ ನೇರ ಅನುವಾದ ಅದು, ಅಲ್ವಾ? ಇಂಗ್ಲಿಷಿನವರು ‘ಐ ಫೀಲ್ ಲೈಕ್ ಕ್ರೈಯಿಂಗ್’ ಅನ್ನುತ್ತಾರೆ. ಇಲ್ಲಿ ಮಾತ್ರ ‘ಇಂಗ್’ ಬೇಕೇ ಬೇಕು.

ಗೆಳತಿಗೆ ಈಗ ಹೀಗೆ ಬರೆಯಿರಿ: ‘ಐ ವಾಸ್ ಬೋರ್ಡ್. ನೌ ಐ ಆಮ್ ಎಂಬ್ಯಾರಸ್ಡ್.’ ಎರಡನೆಯದಕ್ಕೆ ಮರೆತೂ ‘ಇಂಗ್’ ಹಾಕಬೇಡಿ, ಇನ್ನೊಂದು ಎಮೋಜಿ ಬರುತ್ತದೆ.