ಕಸಿ ಮಾಡಿದ ಮೂತ್ರಪಿಂಡ: ಯಾರ ಜೀನ್, ಎಲ್ಲಿ ಕೆಲಸ ಮಾಡುತ್ತದೆ?

ಮೂತ್ರಪಿಂಡ ಕಸಿಯಲ್ಲಿ ಜೀನ್‌ಗಳ ಪಾತ್ರದ ಬಗೆಗಿನ ಪಾಠವನ್ನು ಮೊದಲ ಸಲ ಓದಿದಾಗ ಎಚ್‌ಎಲ್‌ಎ (ತನ್ನದು ಯಾವುದು, ಪರಕೀಯ ಯಾವುದು ಎಂದು ದೇಹ ಗುರುತಿಸಲು ನೆರವಾಗುವ, ಕೋಶಗಳ ಮೇಲಿನ ಪ್ರೋಟೀನ್‌ಗಳು) ಹೊಂದಾಣಿಕೆಯೊಂದನ್ನೇ ಬಾಯಿಪಾಠ ಮಾಡಿದ್ದೆ. ಉಳಿದದ್ದು ಬಿಡಿಬಿಡಿಯಾಗಿ ಕಾಣುತ್ತಿತ್ತು. ಒಂದು ಸಂಗತಿ ಮನಸ್ಸಿಗೆ ಇಳಿದ ಮೇಲೆ ಎಲ್ಲವೂ ಒಂದೇ ಎಳೆಗೆ ಬಂದವು. ಕಸಿಯಾದ ಮೂತ್ರಪಿಂಡ ಎಷ್ಟು ವರ್ಷ ಬಾಳಿದರೂ ಅದರ ಸ್ವಂತ ಕೋಶಗಳಲ್ಲಿರುವುದು ದಾನಿಯ ಡಿಎನ್‌ಎ. ಅದರೊಳಗೆ ಹರಿಯುವ ರಕ್ತ, ಔಷಧವನ್ನು ಅರಗಿಸುವ ಯಕೃತ್ತು, ಕಾವಲು ಕಾಯುವ ರೋಗನಿರೋಧಕ ಕೋಶಗಳು ರೋಗಿಯವು. ಆದ್ದರಿಂದ ಯಾವ ಜೀನ್ ಎದುರಾದರೂ ಅದರ ಪ್ರೋಟೀನ್ ಎಲ್ಲಿ ತಯಾರಾಗುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಎಚ್‌ಎಲ್‌ಎ ಜೀನ್‌ಗಳು 6ನೇ ವರ್ಣತಂತುವಿನಲ್ಲಿವೆ. ಎ, ಬಿ, ಡಿಆರ್ ಎಂಬ ಮೂರಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವುದರಿಂದ ವ್ಯತ್ಯಾಸವನ್ನು 0ಯಿಂದ 6ರವರೆಗೆ ಎಣಿಸುತ್ತಾರೆ. ಇವು ಸಾಮಾನ್ಯವಾಗಿ ಒಂದೇ ಗಂಟಾಗಿ ಇಳಿದು ಬರುತ್ತವೆ. ಹಾಗಾಗಿ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಶೇ 25, ಅರ್ಧ ಹೊಂದುವುದು ಶೇ 50, ಏನೂ ಹೊಂದದಿರುವುದು ಶೇ 25. ಕಸಿಯಾಗಿ ವರ್ಷಗಳು ಕಳೆದ ಮೇಲೆ ಹೊಸದಾಗಿ ಹುಟ್ಟುವ ಪ್ರತಿಕಾಯಗಳು ಹೆಚ್ಚಾಗಿ ಡಿಕ್ಯೂ ಎಂಬ ಇನ್ನೊಂದು ಎಚ್‌ಎಲ್‌ಎ ವಿರುದ್ಧವೇ ಇರುತ್ತವೆ. ಹಳೆಯ ಎಣಿಕೆಯಲ್ಲಿ ಅದು ಸೇರಿಯೇ ಇಲ್ಲ!

1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ ಏಕಾಂಡ ಅವಳಿಗಳ ನಡುವೆ ನಡೆಯಿತು. ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವಿಲ್ಲದೆಯೇ ಆ ಮೂತ್ರಪಿಂಡ ಉಳಿಯಿತು. ಆದರೆ ಎಚ್‌ಎಲ್‌ಎ ಪೂರ್ತಿ ಹೊಂದುವ, ಅವಳಿಗಳಲ್ಲದ ಒಡಹುಟ್ಟಿದವರಿಗೆ ಔಷಧ ಬೇಕೇ ಬೇಕು. ಏಕೆಂದರೆ ಉಳಿದ ಜೀನೋಮ್‌ನಲ್ಲೂ ವ್ಯತ್ಯಾಸಗಳಿವೆ. ರೋಗಿಯ ದೇಹ ಎಂದೂ ತಯಾರಿಸದ ಪ್ರೋಟೀನನ್ನು ದಾನಿಯ ಅಂಗ ತಂದರೆ ಅದು ಪರಕೀಯ. ಗಂಡಿನ ಮೂತ್ರಪಿಂಡ ಹೆಣ್ಣಿಗೆ ಹೋದಾಗ ವೈ ವರ್ಣತಂತುವಿನ ಪ್ರೋಟೀನ್‌ಗಳು ಹೀಗೆ ಕಣ್ಣಿಗೆ ಬೀಳಬಹುದು. ಲಿಮ್ಸ್1 ಜೀನಿನ ಬಳಿ ಕೆಲವರಲ್ಲಿ ಡಿಎನ್‌ಎಯ ಒಂದು ತುಣುಕು ಇರುವುದಿಲ್ಲ. ರೋಗಿಯ ಎರಡೂ ಪ್ರತಿಗಳಲ್ಲಿ ಆ ತುಣುಕಿಲ್ಲದೆ, ದಾನಿಯಲ್ಲಿ ಅದು ಇದ್ದರೆ ಅಂಗ ನಿರಾಕರಣೆಯ ಅಪಾಯ ಹೆಚ್ಚು ಎಂದು 2019ರಲ್ಲಿ ವರದಿಯಾಯಿತು.

ನನಗೆ ಅತ್ಯಂತ ಇಷ್ಟವಾದ ಭಾಗ ಮುಂದಿನದು. ಸೋಂಕಿನ ವಿರುದ್ಧ ಹೋರಾಡುವ ರಕ್ತದ ಪ್ರೋಟೀನ್‌ಗಳ ಗುಂಪಾದ ಕಾಂಪ್ಲಿಮೆಂಟ್ ವ್ಯವಸ್ಥೆ ಹದ ತಪ್ಪಿ, ಸಣ್ಣ ರಕ್ತನಾಳಗಳಿಗೂ ಮೂತ್ರಪಿಂಡಕ್ಕೂ ಹಾನಿ ಮಾಡುವ ಅಸಹಜ ಎಚ್‌ಯುಎಸ್ ರೋಗವನ್ನು ನೋಡಿ. ದೋಷವು ಈ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿನಲ್ಲಿದ್ದರೆ, ಆ ಪ್ರೋಟೀನ್ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಹರಿಯುವಂಥದ್ದು. ಹೊಸ ಮೂತ್ರಪಿಂಡಕ್ಕೂ ಅದೇ ರಕ್ತ. ರೋಗ ಮರಳುವ ಅಪಾಯ ದೊಡ್ಡದು. ದೋಷವು ಸಿಡಿ46ನಲ್ಲಿದ್ದರೆ ಅಪಾಯ ಬಹಳ ಕಡಿಮೆ, ಏಕೆಂದರೆ ಅದು ಕೋಶದ ಪೊರೆಯ ಮೇಲೆಯೇ ಕೂರುವ ಪ್ರೋಟೀನ್. ದಾನಿಯ ಅಂಗ ತನ್ನ ಸರಿಯಾದ ಪ್ರತಿಯನ್ನು ತಾನೇ ಹೊತ್ತು ತರುತ್ತದೆ. ಒಂದೇ ಹೆಸರಿನ ರೋಗ, ತದ್ವಿರುದ್ಧ ಫಲ.

ಎಪಿಒಎಲ್1 ಎಂಬ ಜೀನ್ ಇದರ ಇನ್ನೊಂದು ಮಗ್ಗುಲು. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಕಾಣುವ ಜಿ1, ಜಿ2 ರೂಪಗಳು ನಿದ್ರಾರೋಗದ ಪರಾವಲಂಬಿಯಿಂದ ರಕ್ಷಣೆ ಕೊಡುತ್ತವೆ. ಎರಡೂ ಪ್ರತಿಗಳು ಇಂಥವೇ ಆದರೆ ಮೂತ್ರಪಿಂಡಕ್ಕೆ ಅಪಾಯ. ರಕ್ತದಲ್ಲಿರುವ ಈ ಪ್ರೋಟೀನ್ ಬಹುತೇಕ ಯಕೃತ್ತಿನದು. ಹಾಗಾದರೆ ಹಾನಿ ಮಾಡುವುದು ರಕ್ತದಲ್ಲಿರುವುದೋ, ಮೂತ್ರಪಿಂಡದ ಕೋಶಗಳೇ ತಯಾರಿಸುವುದೋ? ಉತ್ತರದ ಸುಳಿವು ಸಿಕ್ಕಿದ್ದು ಕಸಿಯಿಂದಲೇ. ದಾನಿಯಲ್ಲಿ ಎರಡು ಅಪಾಯದ ಪ್ರತಿಗಳಿದ್ದಾಗ ಕಸಿಯಾದ ಅಂಗ ಬೇಗ ಸೋಲುತ್ತದೆ. ಅಂದರೆ ಬೆರಳು ತೋರುವುದು ಮೂತ್ರಪಿಂಡದ ಕೋಶಗಳೇ ತಯಾರಿಸುವ ಪ್ರೋಟೀನಿನ ಕಡೆಗೆ.

ಔಷಧದ ಲೆಕ್ಕ ಮಾತ್ರ ಬಹುಮಟ್ಟಿಗೆ ರೋಗಿಯದೇ ಎನ್ನಬಹುದು. ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವಾದ ಟ್ಯಾಕ್ರೋಲಿಮಸ್ಸನ್ನು ಅರಗಿಸುವ ಕಿಣ್ವಗಳಲ್ಲಿ ಒಂದಾದ ಸಿವೈಪಿ3ಎ5 ರೋಗಿಯ ಕರುಳು, ಯಕೃತ್ತಿನಲ್ಲಿ ಕೆಲಸ ಮಾಡುತ್ತದೆ. ಅದು ಚುರುಕಾಗಿದ್ದವರಿಗೆ ಸಾಮಾನ್ಯ ಪ್ರಮಾಣದ ಒಂದೂವರೆಯಿಂದ ಎರಡು ಪಟ್ಟು ಬೇಕಾಗಬಹುದು.

ದಾನಿ ರಕ್ತಸಂಬಂಧಿಯಾಗಿದ್ದರೆ ಇನ್ನೊಂದು ಪ್ರಶ್ನೆಯೂ ಉಂಟು. ಎಚ್‌ಎಲ್‌ಎ ಹೊಂದಿಸಿಕೊಟ್ಟ ನೆಂಟಸ್ತಿಕೆಯೇ ರೋಗದ ಜೀನನ್ನೂ ಹಂಚಿರಬಹುದು. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಮೂಡುವ, ಜೀನಿನ ಒಂದೇ ದೋಷದ ಪ್ರತಿಯಿಂದ ಬರುವ ಪ್ರಬಲ ರೀತಿಯ ಪಾಲಿಸಿಸ್ಟಿಕ್ ಕಾಯಿಲೆಯಲ್ಲಿ ತಾಯಿ ಅಥವಾ ತಂದೆಗೆ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಯುವ ದಾನಿಯಲ್ಲಿ ನೀರುಗುಳ್ಳೆಗಳು ಇನ್ನೂ ಮೂಡಿರದೆ ಸ್ಕ್ಯಾನ್ ಶುಭ್ರವಾಗಿ ಕಾಣಬಹುದು. ಅಂಥಲ್ಲಿ ಜೀನ್ ಪರೀಕ್ಷೆ ಮಾಡಿಸಿದ ಮೇಲೆಯೇ ದಾನಕ್ಕೆ ಒಪ್ಪಿಗೆ ಕೊಡುವುದು ಸರಿ.