‘ಕಿಡ್ಸ್ ಆನ್ ಬೈಕ್ಸ್’ ಸಿನಿಮಾ ಅಂದರೇನು?

ಅಮೆರಿಕದ ಸಿನಿಮಾಗಳ ಬಗ್ಗೆ ಓದುವಾಗ ‘ಕಿಡ್ಸ್ ಆನ್ ಬೈಕ್ಸ್’ ಅನ್ನುವ ಮಾತು ಆಗಾಗ ಸಿಗುತ್ತದೆ. ಇಲ್ಲಿ ಬೈಕ್ ಅಂದರೆ ಪೆಡಲ್ ತುಳಿಯುವ ಸೈಕಲ್. ಒಂದು ಸಣ್ಣ ಊರು, ಹನ್ನೆರಡರ ಆಸುಪಾಸಿನ ನಾಲ್ಕೈದು ಮಕ್ಕಳು, ದೊಡ್ಡವರಿಗೆ ಹೇಳಿದರೂ ನಂಬದಂಥ ಒಂದು ಗುಟ್ಟು. ಅದರ ಬೆನ್ನು ಹತ್ತಿ ಮಕ್ಕಳೇ ಹೊರಟುಬಿಡುತ್ತಾರೆ. ಇಂಥ ಕಥೆಗಳಿಗೆಲ್ಲ ಈ ಹೆಸರು ಅಂಟಿಕೊಂಡಿದೆ.

ಇದರ ಬೇರು ಇರುವುದು 1980ರ ದಶಕದಲ್ಲಿ. 1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಬಂತು. 1985ರಲ್ಲಿ ರಿಚರ್ಡ್ ಡಾನರ್ ನಿರ್ದೇಶನದ ‘ದಿ ಗೂನೀಸ್’. ಮರುವರ್ಷ ರಾಬ್ ರೈನರ್ ಅವರ ‘ಸ್ಟ್ಯಾಂಡ್ ಬೈ ಮಿ’. ಈ ಮೂರನೆಯದರಲ್ಲಿ ಹುಡುಗರು ರೈಲು ಹಳಿ ಹಿಡಿದು ನಡೆದೇ ಹೋಗುತ್ತಾರೆ! ಆದರೂ ಅದನ್ನು ಈ ಸಾಲಿನಿಂದ ಯಾರೂ ಹೊರಗಿಡುವುದಿಲ್ಲ.

ಯಾಕೆಂದರೆ ಮುಖ್ಯವಾದದ್ದು ಸೈಕಲ್ ಅಲ್ಲ, ದೊಡ್ಡವರು ಜೊತೆಗಿಲ್ಲ ಅನ್ನುವುದು. ಹನ್ನೆರಡು ವರ್ಷದವರು ಕಾರು ಓಡಿಸುವಂತಿಲ್ಲ. ಅಪ್ಪ ಅಮ್ಮನನ್ನು ಕೇಳದೆ ದೂರ ಹೋಗಬೇಕಾದರೆ ಸೈಕಲ್ಲೇ ಗತಿ. ‘ಇ.ಟಿ.’ಯಲ್ಲಿ ಇದನ್ನು ಕ್ಯಾಮೆರಾದಲ್ಲೇ ತೋರಿಸಿದ್ದಾರೆ. ಎಷ್ಟೋ ಕಡೆ ಕ್ಯಾಮೆರಾ ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿದಿರುತ್ತದೆ. ತಾಯಿಯೊಬ್ಬಳನ್ನು ಬಿಟ್ಟರೆ ದೊಡ್ಡವರ ಮುಖ ಬಹಳ ಹೊತ್ತು ಕಾಣುವುದೇ ಇಲ್ಲ. ಬರೀ ಸೊಂಟ, ಕೈ, ಬೀಗದ ಕೈ ಗೊಂಚಲು.

ಮಕ್ಕಳ ನಟನೆ ಹಸಿಹಸಿಯಾಗಿ ಕಾಣುವುದಕ್ಕೂ ಕಾರಣವಿದೆ. ‘ಇ.ಟಿ.’ಯನ್ನು ಹೆಚ್ಚಾಗಿ ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು. ಹಾಗಾಗಿ ಬೇರೆ ಗ್ರಹದಿಂದ ಬಂದ ಗೆಳೆಯ ಇ.ಟಿ.ಯನ್ನು ಕೊನೆಗೆ ಬೀಳ್ಕೊಡುವ ದೃಶ್ಯ ಬರುವ ಹೊತ್ತಿಗೆ ಮಕ್ಕಳಿಗೂ ಶೂಟಿಂಗ್ ಮುಗಿಯುತ್ತಿದೆ ಅನ್ನುವ ಬೇಜಾರು ಇತ್ತು. ‘ದಿ ಗೂನೀಸ್’ ತಂಡ ಒಂದು ದೊಡ್ಡ ಕಡಲ್ಗಳ್ಳರ ಹಡಗನ್ನೇ ಸ್ಟುಡಿಯೋದೊಳಗೆ ಕಟ್ಟಿ, ಆ ದೃಶ್ಯ ತೆಗೆಯುವವರೆಗೂ ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಂಡಿತು. ತೆರೆಯ ಮೇಲೆ ಅವರು ಬಾಯಿ ಬಿಟ್ಟು ನಿಲ್ಲುವುದರಲ್ಲಿ ಎಷ್ಟು ನಟನೆ, ಎಷ್ಟು ನಿಜ ಅಂತ ಹೇಳುವುದು ಕಷ್ಟ.

ಇನ್ನು ಹಳೆಯ ದಿನಗಳ ಹಂಬಲದ ವಿಷಯ. ಇದರಲ್ಲಿ ಎರಡು ಬಗೆ ಇದೆ. ‘ದಿ ಗೂನೀಸ್’ ತನ್ನ ಕಾಲದ ಕಥೆಯನ್ನೇ ಹೇಳಿತು. ಅದನ್ನು ನೋಡಿದ ಮಕ್ಕಳು ಬೆಳೆದ ಮೇಲೆ ಅದು ಅವರಿಗೆ ಹಳೆಯ ನೆನಪಾಯಿತು, ಅಷ್ಟೇ. ‘ಸ್ಟ್ಯಾಂಡ್ ಬೈ ಮಿ’ ಹಾಗಲ್ಲ. ದೊಡ್ಡವನಾದ ಲೇಖಕನೊಬ್ಬ 1959ರ ಬೇಸಿಗೆಯನ್ನು ನೆನೆಯುವುದೇ ಅದರ ಕಥೆ. ಆಮೇಲೆ ಬಂದವು ಹೆಚ್ಚಾಗಿ ಈ ಎರಡನೇ ದಾರಿ ಹಿಡಿದವು. 2011ರ ‘ಸೂಪರ್ 8’ ನಡೆಯುವುದು 1979ರಲ್ಲಿ. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ಆರಂಭವಾಗುವುದು 1983ರಲ್ಲಿ. ತಮಾಷೆ ಅಂದರೆ, ಅದನ್ನು ರೂಪಿಸಿದ ಡಫರ್ ಸಹೋದರರು ಹುಟ್ಟಿದ್ದೇ 1984ರಲ್ಲಿ! ತಾವು ಹುಟ್ಟುವ ಮೊದಲಿನ ಕಾಲಕ್ಕೆ ಅವರು ಹಂಬಲಿಸಿದರು, ಅವರಿಗಿಂತ ಚಿಕ್ಕವರೂ ಖುಷಿಯಿಂದ ನೋಡಿದರು.

ಅಂದರೆ ನೋಡುವವರಿಗೆ ಬೇಕಾಗಿರುವುದು ಆ ದಶಕವೇ ಅಲ್ಲ. ಮನೆಯಿಂದ ಹೊರಟರೆ ಕತ್ತಲಾಗುವವರೆಗೆ ಎಲ್ಲಿದ್ದೀಯ ಅಂತ ಯಾರೂ ಕೇಳದ ಮಧ್ಯಾಹ್ನ, ಜೊತೆಗೆ ಜಗಳವಾಡುತ್ತಲೇ ಬಿಟ್ಟುಹೋಗದ ಗೆಳೆಯರು. ಮಕ್ಕಳ ಜೇಬಿನಲ್ಲಿ ಮೊಬೈಲ್ ಇದ್ದರೆ ಈ ಕಥೆಗಳಲ್ಲಿ ಅರ್ಧಕ್ಕರ್ಧ ಶುರುವಾಗುವುದೇ ಇಲ್ಲ, ಅಲ್ವಾ? ಕಥೆಯನ್ನು ಹಿಂದಕ್ಕೆ ಒಯ್ಯಲು ಇದೂ ಒಂದು ಅನುಕೂಲದ ಕಾರಣ. ಈಚಿನ ಕೆಲವರು ಸುಮ್ನೆ ವಾಕ್‌ಮನ್, ಹಳೇ ಪೋಸ್ಟರ್, ವಿಡಿಯೋ ಗೇಮ್ ಅಂಗಡಿ ತೋರಿಸಿ ಕೆಲಸ ಮುಗಿಸುತ್ತಾರೆ. ನನಗೆ ಅವು ಹತ್ತು ನಿಮಿಷದಲ್ಲೇ ಸಾಕಾಗುತ್ತವೆ. ಮಕ್ಕಳು ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತಾ, ಎಲ್ಲರೂ ಒಟ್ಟಿಗೆ ಕಿರುಚುವ ಒಂದು ದೃಶ್ಯ ಅದಕ್ಕಿಂತ ಎಷ್ಟೋ ಮೇಲು.

ಮನೆಯ ಮಕ್ಕಳನ್ನು ಕೂರಿಸಿಕೊಂಡು ನೋಡುವುದಾದರೆ ಒಂದು ಮಾತು. ಮಕ್ಕಳ ಕಥೆ ಅಂದಮಾತ್ರಕ್ಕೆ ಎಲ್ಲವೂ ಮಕ್ಕಳಿಗಲ್ಲ. ‘ಸ್ಟ್ಯಾಂಡ್ ಬೈ ಮಿ’ಗೆ ಬೈಗುಳಗಳ ಕಾರಣ ‘ಆರ್’ ಪ್ರಮಾಣಪತ್ರ ಸಿಕ್ಕಿತ್ತು. ಅದರಲ್ಲಿರುವ ಹುಡುಗರ ವಯಸ್ಸಿನವರೇ ದೊಡ್ಡವರ ಜೊತೆಯಿಲ್ಲದೆ ಥಿಯೇಟರ್‌ನಲ್ಲಿ ಅದನ್ನು ನೋಡುವಂತಿರಲಿಲ್ಲ.