ಫ್ರಿಗೇಟ್ ಅಂದರೆ ಎಂಥ ಹಡಗು?

ನೌಕಾಪಡೆಗೆ ಹೊಸ ಫ್ರಿಗೇಟ್ ಸೇರಿತು ಅನ್ನೋ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಈಗಿನ ಫ್ರಿಗೇಟ್ ಕ್ಷಿಪಣಿ ಹೊತ್ತ ಉಕ್ಕಿನ ಹಡಗು. 18ನೇ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ಇದೇ ಹೆಸರಿನದು ಮೂರು ಕಂಬದ, ಮರದ ಹಾಯಿಹಡಗು.

ಅದರ ಗುರುತು ಇರುವುದು ಹಡಗಿನ ಅಂತಸ್ತುಗಳಲ್ಲಿ, ಅಂದರೆ ಡೆಕ್‌ಗಳಲ್ಲಿ. ದೊಡ್ಡ ಯುದ್ಧನೌಕೆಗಳಲ್ಲಿ ಎರಡು ಮೂರು ಅಂತಸ್ತಿನ ತುಂಬಾ ಫಿರಂಗಿಗಳು. ಫ್ರಿಗೇಟ್‌ನಲ್ಲಿ ಮುಖ್ಯ ಸಾಲು ಒಂದೇ. ಅದರ ಕೆಳಗಿನ ಅಂತಸ್ತಿನಲ್ಲಿ ಫಿರಂಗಿ ಇಲ್ಲ, ನಾವಿಕರು ಜೋಲಿ ಕಟ್ಟಿ ಮಲಗುತ್ತಿದ್ದರು. ಸುಮ್ನೆ ಬಿಟ್ಟ ಜಾಗವಲ್ಲ ಅದು. ಇದರಿಂದ ಫಿರಂಗಿಯ ಕಿಂಡಿಗಳು ನೀರಿನಿಂದ ಎತ್ತರದಲ್ಲಿ ಉಳಿದವು. ಅಲೆ ಜೋರಾದರೆ ದೊಡ್ಡ ಹಡಗುಗಳು ಕೆಳಗಿನ ಕಿಂಡಿ ಮುಚ್ಚಿಕೊಳ್ಳಬೇಕು. ಫ್ರಿಗೇಟ್‌ಗೆ ಆಗಲೂ ಗುಂಡು ಹಾರಿಸಲು ಆಗುತ್ತಿತ್ತು. ಎಷ್ಟು ಜಾಣ ಲೆಕ್ಕ ಅಲ್ವಾ?

ವೇಗ ಜಾಸ್ತಿ ಇದ್ದದ್ದರಿಂದ ಶತ್ರುವನ್ನು ಹುಡುಕುವುದು, ಪತ್ರ ಒಯ್ಯುವುದು, ಸರಕಿನ ಹಡಗುಗಳಿಗೆ ಕಾವಲು ಹೋಗುವುದು ಇದರ ಕೆಲಸ. 1798ರಲ್ಲಿ ಬಿರುಗಾಳಿಗೆ ಸಿಕ್ಕಿ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್‌ನ ಫ್ರಿಗೇಟ್‌ಗಳು ಬೇರೆಯಾದವು. ಅವಿಲ್ಲದೆ ಆತ ಮೆಡಿಟರೇನಿಯನ್ನಿನಲ್ಲಿ ಫ್ರೆಂಚ್ ಪಡೆಯನ್ನು ವಾರಗಟ್ಟಲೆ ಕುರುಡನ ಹಾಗೆ ಹುಡುಕಿದ.

ನನ್ನನ್ನು ಬಿಡದೆ ಕಾಡುವ ಫ್ರಿಗೇಟ್ ಎಂದರೆ ಪಂಡೋರಾ. 1779ರಲ್ಲಿ ನೀರಿಗಿಳಿದ 24 ಫಿರಂಗಿಯ ಹಡಗು. ಕಟ್ಟುನಿಟ್ಟಾಗಿ ನೋಡಿದರೆ 28 ಫಿರಂಗಿ ಇದ್ದರೇನೇ ಫ್ರಿಗೇಟ್. ಆದರೆ ಕಟ್ಟಿದ ರೀತಿ ಅದೇ ಆದ್ದರಿಂದ ಇದಕ್ಕೂ ಆ ಹೆಸರೇ ಅಂಟಿಕೊಂಡಿದೆ. ಬ್ರಿಟಿಷ್ ನೌಕಾಪಡೆಯದೇ ಆದ ಬೌಂಟಿ ಹಡಗಿನಲ್ಲಿ ದಂಗೆ ಎದ್ದವರನ್ನು ಹಿಡಿದು ತರಲು 1790ರಲ್ಲಿ ಇದನ್ನು ಕಳಿಸಿದರು. ಪೆಸಿಫಿಕ್ ಸಾಗರದ ಟಹೀಟಿ ದ್ವೀಪದಲ್ಲಿ 14 ಮಂದಿ ಸಿಕ್ಕರು. ಕ್ಯಾಪ್ಟನ್ ಎಡ್ವರ್ಡ್ ಎಡ್ವರ್ಡ್ಸ್ ಹಡಗಿನ ಹಿಂಬದಿಯಲ್ಲಿ ಮರದ ಗೂಡು ಕಟ್ಟಿಸಿ ಅವರಿಗೆ ಬೇಡಿ ಹಾಕಿ ಕೂಡಿಹಾಕಿದ. ಉದ್ದ ಸುಮಾರು 18 ಅಡಿ, ಅಗಲ 11 ಅಡಿ. ಒಳಹೋಗಲು ಮೇಲೊಂದು ಬಾಗಿಲು. ಸುಡು ಬಿಸಿಲಿನ ಆ ಸಮುದ್ರದಲ್ಲಿ ತಿಂಗಳುಗಟ್ಟಲೆ ಅದರೊಳಗೆ! ಆ ಗೂಡಿಗೆ ಬಿದ್ದ ಅಡ್ಡಹೆಸರು ‘ಪಂಡೋರಾಳ ಪೆಟ್ಟಿಗೆ’, ಗ್ರೀಕ್ ಕಥೆಯಲ್ಲಿ ಲೋಕದ ಕಷ್ಟಗಳೆಲ್ಲ ತುಂಬಿದ್ದ ಪೆಟ್ಟಿಗೆಯ ಹೆಸರು.

1791ರ ಆಗಸ್ಟ್ ಕೊನೆಗೆ ಹಡಗು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬಕ್ಕೆ ಬಡಿಯಿತು. ಬೆಳಗಾಗುವಷ್ಟರಲ್ಲಿ ಮುಳುಗತೊಡಗಿತು. ಎಲ್ಲರೂ ನೀರಿಗೆ ಹಾರುತ್ತಿದ್ದರು, ಕೈದಿಗಳಲ್ಲಿ ಹಲವರು ಇನ್ನೂ ಒಳಗೇ ಇದ್ದರು. ಆಗ ವಿಲಿಯಂ ಮೌಲ್ಟರ್ ಎಂಬ ನಾವಿಕ ಆ ಬಾಗಿಲಿನ ಚಿಲಕ ತೆಗೆದ. ಆದರೂ ನಾಲ್ವರು ಕೈದಿಗಳು, 31 ನಾವಿಕರು ಸತ್ತರು. ಹಡಗಿನ ಅವಶೇಷ ಸಿಕ್ಕಿದ್ದು 1977ರಲ್ಲಿ. ಆ ಕಡೆಯ ಪುಟ್ಟ ದ್ವೀಪವೊಂದಕ್ಕೆ ಇವತ್ತು ಮೌಲ್ಟರ್‌ನ ಹೆಸರಿದೆ.